ಮೌನ, ಸರಳತೆ ಮತ್ತು ನೆಲದ ಕಾಳಜಿ: ಕ್ವೇಕರ್ ಸಮುದಾಯದ ಆಚರಣೆಯ ಒಂದು ಅಧ್ಯಯನ

ಮನುಷ್ಯ ಮತ್ತು ನಿಸರ್ಗದ ನಡುವಣ ಧಾರ್ಮಿಕ ಸಂಬಂಧವನ್ನು ಕುರಿತ ಜಾನಪದ ಅಧ್ಯಯನಗಳು ಸಾಮಾನ್ಯವಾಗಿ ದೈವ, ಸ್ಥಳ ಮತ್ತು ಪುರಾಣ ಎಂಬ ಮೂರು ನೆಲೆಗಳಿಂದ ಆರಂಭವಾಗುತ್ತವೆ. ದೇವರಕಾಡು, ನಾಗಬನ, ಗ್ರಾಮದೇವತೆಯ ಮರ, ಬಿತ್ತನೆ ಕೊಯ್ಲುಗಳ ಹಬ್ಬ ಇವೆಲ್ಲವೂ ಈ ಮೂರರಲ್ಲಿ ಒಂದನ್ನಾದರೂ ಆಶ್ರಯಿಸಿವೆ. ಕಾಡಿಗೆ ಒಬ್ಬ ಒಡೆಯನಾದ ದೈವವಿದ್ದಾನೆ, ಆದುದರಿಂದ ಅಲ್ಲಿ ಕೊಡಲಿ ಆಡುವಂತಿಲ್ಲ ಎಂಬುದು ಇಂತಹ ನಂಬಿಕೆಗಳ ಸರಳ ತರ್ಕ. ಆದರೆ ಪವಿತ್ರ ಸ್ಥಳವೆಂಬ ಕಲ್ಪನೆಯನ್ನೇ ಒಪ್ಪದ, ಹಬ್ಬಗಳ ಪಂಚಾಂಗವನ್ನು ತಿರಸ್ಕರಿಸಿದ, ವಿಗ್ರಹ, ಪುರೋಹಿತ, ಮಂತ್ರ, ಸಂಗೀತ ಯಾವುದನ್ನೂ ಇಟ್ಟುಕೊಳ್ಳದೆ ರೂಪುಗೊಂಡ ಒಂದು ಸಮುದಾಯವು ಭೂಮಿಯ ಕಾಳಜಿಯನ್ನು ಆಧ್ಯಾತ್ಮಿಕ ಸಾಧನೆಯಾಗಿ ಹೇಗೆ ಕಂಡುಕೊಂಡಿತು ಎಂಬುದು ಕುತೂಹಲಕರ ಪ್ರಶ್ನೆ. 'ಧಾರ್ಮಿಕ ಮಿತ್ರರ ಸಂಘ' ಎಂಬುದು ಈ ಸಮುದಾಯದ ಔಪಚಾರಿಕ ಹೆಸರು. ಜನಬಳಕೆಯ ಹೆಸರು ಕ್ವೇಕರ್.

ಕ್ವೇಕರರ ಪರಿಸರ ಕಾಳಜಿಯನ್ನು 20ನೆಯ ಶತಮಾನದ ಪರಿಸರ ಚಳವಳಿಯ ಪ್ರಭಾವವೆಂದಷ್ಟೇ ಪರಿಗಣಿಸುವುದು ಅಪೂರ್ಣವಾದೀತು. ಆ ಪ್ರಭಾವ ಇದ್ದದ್ದು ನಿಜ. ಆದರೆ ಅದು ಬಂದು ನೆಲೆಗೊಂಡದ್ದು ಮೂರು ಶತಮಾನಗಳಷ್ಟು ಹಳೆಯದಾದ ಒಂದು ರೂಢಿಯ ಮೇಲೆ. ಮನೆಯಲ್ಲಿರುವ ವಸ್ತು ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಬಂತು, ಅದರ ಹಿಂದೆ ಯಾರ ನೋವಿದೆ ಎಂದು ಮೌನದಲ್ಲಿ ಕುಳಿತು ತನ್ನನ್ನೇ ಕೇಳಿಕೊಳ್ಳುವುದೇ ಆ ರೂಢಿ. ಈ ಪ್ರಶ್ನೆಯು ಗುಲಾಮಗಿರಿಯಿಂದ ಯುದ್ಧಕ್ಕೂ, ಯುದ್ಧದಿಂದ ನೆಲ ಜಲಗಳಿಗೂ ವಿಸ್ತರಿಸಿಕೊಂಡ ಬಗೆಯನ್ನು ಹಾಗೂ ಅದು ಸಮುದಾಯದ ಸ್ವಂತ ಚರಿತ್ರೆಯನ್ನೇ ಕಟಕಟೆಗೆ ತಂದು ನಿಲ್ಲಿಸಿದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಸಮುದಾಯದ ಹಿನ್ನೆಲೆ

ಕ್ವೇಕರ್ ಪಂಥವು 17ನೆಯ ಶತಮಾನದ ನಡುಭಾಗದಲ್ಲಿ, ಅಂತರ್ಯುದ್ಧದಿಂದ ತತ್ತರಿಸಿದ್ದ ಇಂಗ್ಲೆಂಡಿನಲ್ಲಿ ಹುಟ್ಟಿತು. ಲೆಸ್ಟರ್‌ಶೈರ್ ಪ್ರಾಂತದ ನೇಕಾರನೊಬ್ಬನ ಮಗನಾಗಿ 1624ರಲ್ಲಿ ಜನಿಸಿದ ಜಾರ್ಜ್ ಫಾಕ್ಸ್ ಇದರ ಪ್ರವರ್ತಕ. ದೇವರು ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿ ಬೆಳಕಾಗಿ ಇದ್ದಾನೆ, ಆ ಬೆಳಕನ್ನು ಅರಿಯಲು ಮಧ್ಯವರ್ತಿ ಬೇಕಿಲ್ಲ ಎಂಬುದು ಅವನ ಬೋಧನೆಯ ತಿರುಳು. 1650ರಲ್ಲಿ ಡರ್ಬಿ ಪಟ್ಟಣದ ನ್ಯಾಯಾಧಿಕಾರಿಯೊಬ್ಬನ ಮುಂದೆ ವಿಚಾರಣೆಗೆ ನಿಂತಾಗ, ದೇವರ ವಾಕ್ಯದ ಮುಂದೆ ನಡುಗಿರಿ ಎಂದು ಫಾಕ್ಸ್ ಹೇಳಿದ್ದಕ್ಕೆ ಪ್ರತಿಯಾಗಿ ಆ ಅಧಿಕಾರಿ 'ನಡುಗುವವರು' ಎಂಬರ್ಥದ ಈ ಅಡ್ಡಹೆಸರನ್ನು ಇಟ್ಟನೆಂದು ಫಾಕ್ಸ್‌ನ ದಿನಚರಿಯಿಂದ ತಿಳಿದುಬರುತ್ತದೆ. ಹಂಗಿಸಲು ಇಟ್ಟ ಹೆಸರನ್ನು ಹಂಗಿಸಿಕೊಂಡವರೇ ಒಪ್ಪಿ ಬಳಸತೊಡಗಿದ್ದು ಜನಾಂಗನಾಮಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿಯೇನಲ್ಲ.

ಈ ಸಮುದಾಯದ ಆರಾಧನೆಯ ಮೂಲರೂಪ ಮೌನಸಭೆ. ಅಲಂಕಾರವಿಲ್ಲದ ಕೋಣೆಯೊಂದರಲ್ಲಿ ಜನರು ಬೆಂಚುಗಳ ಮೇಲೆ ಸುಮಾರು ಒಂದು ಗಂಟೆ ಮೌನವಾಗಿ ಕುಳಿತಿರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು, ಹೆಣ್ಣಾಗಲಿ ಗಂಡಾಗಲಿ, ಎದ್ದುನಿಂತು ಕೆಲವು ಮಾತುಗಳನ್ನಾಡಿ ಕುಳಿತುಕೊಳ್ಳುತ್ತಾರೆ. ಕೊನೆಯಲ್ಲಿ ಪರಸ್ಪರ ಕೈಕುಲುಕುವುದರೊಂದಿಗೆ ಸಭೆ ಮುಗಿಯುತ್ತದೆ. ಆಡಳಿತ ಸಂಬಂಧವಾದ ಸಭೆಗಳೂ ಇದೇ ಮೌನದಲ್ಲಿ ನಡೆಯುತ್ತವೆ. ಅಲ್ಲಿ ಮತದಾನವಿಲ್ಲ. ಸಭೆಯ ಒಟ್ಟು ಮನೋಭಾವವನ್ನು ಗ್ರಹಿಸಿ ಬರೆಯುವವನು ಸಭೆಯ ಕಾರ್ಯದರ್ಶಿ. ಅವನು ಬರೆದುದನ್ನು ಸಭೆಯಲ್ಲೇ ಓದಿ, ಎಲ್ಲರೂ ಒಪ್ಪಿದ ಬಳಿಕವೇ ಅದು ನಿರ್ಣಯವಾಗುತ್ತದೆ. ಒಬ್ಬಿಬ್ಬರ ತೀವ್ರ ಅಸಮ್ಮತಿಯೂ ನಿರ್ಣಯವನ್ನು ವರ್ಷಗಟ್ಟಲೆ ಮುಂದೂಡಬಲ್ಲದು.

ಎಲ್ಲರನ್ನೂ ಕಟ್ಟಿಹಾಕುವ ಮತಸಿದ್ಧಾಂತ ಇಲ್ಲದ ಈ ಸಮುದಾಯವನ್ನು ಒಂದಾಗಿ ಹಿಡಿದಿಟ್ಟದ್ದು ಎರಡು ಸಂಗತಿಗಳು. ಮೊದಲನೆಯದು 'ಸಾಕ್ಷಿ' ಎಂಬ ಪರಿಕಲ್ಪನೆ. ನಂಬಿಕೆಯನ್ನು ಬಾಯಿಂದ ಘೋಷಿಸುವುದಕ್ಕಿಂತ ಬದುಕಿನ ನಡೆಯಲ್ಲಿ ತೋರಿಸುವುದೇ ಸಾಕ್ಷಿ. ಆಯುಧ ಹಿಡಿಯದಿರುವುದು, ಪ್ರಮಾಣ ಮಾಡದಿರುವುದು, ಶ್ರೀಮಂತನ ಮುಂದೆ ಟೋಪಿ ತೆಗೆಯದಿರುವುದು, ಸಾದಾ ಉಡುಪು ತೊಡುವುದು, ಒಂದೇ ಬೆಲೆ ಹೇಳಿ ವ್ಯಾಪಾರ ಮಾಡುವುದು ಇವೆಲ್ಲ ಇಂತಹ ಸಾಕ್ಷಿಗಳು. ಎರಡನೆಯದು 'ಪ್ರಶ್ನೆಗಳು'. ನಿಯತಕಾಲದಲ್ಲಿ ಸಭೆಯಲ್ಲಿ ಗಟ್ಟಿಯಾಗಿ ಓದಲಾಗುವ ಈ ಪ್ರಶ್ನಾವಳಿಗೆ ಸಿದ್ಧ ಉತ್ತರಗಳಿಲ್ಲ. ಕೇಳಿದವರು ತಮ್ಮ ಬದುಕನ್ನು ಅದಕ್ಕೆ ಹಿಡಿದು ನೋಡಿಕೊಳ್ಳಬೇಕು. ಜನಪದ ಸಂಸ್ಕೃತಿಗಳಲ್ಲಿ ಗಾದೆಯು ನಿರ್ವಹಿಸುವ ಕೆಲಸವನ್ನು ಕ್ವೇಕರರಲ್ಲಿ ಪ್ರಶ್ನೆಯು ನಿರ್ವಹಿಸುತ್ತದೆ ಎನ್ನಬಹುದು. ವ್ಯತ್ಯಾಸವಿಷ್ಟೇ: ಗಾದೆ ತೀರ್ಪನ್ನು ಕೊಡುತ್ತದೆ, ಪ್ರಶ್ನೆ ತೀರ್ಪನ್ನು ಕೇಳುಗನಿಗೇ ಬಿಡುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಇಂದು ಪ್ರಪಂಚದ ಕ್ವೇಕರರಲ್ಲಿ ಅತಿ ಹೆಚ್ಚಿನವರು ಆಫ್ರಿಕದಲ್ಲಿದ್ದಾರೆ. ಕೀನ್ಯಾ ದೇಶವೇ ಅವರ ಅತಿದೊಡ್ಡ ನೆಲೆ. ಅಲ್ಲಿನ ಆರಾಧನೆಯಲ್ಲಿ ಪಾದ್ರಿಯೂ ಉಂಟು, ಹಾಡೂ ಉಂಟು. ಆದುದರಿಂದ ಮೇಲೆ ವಿವರಿಸಿದ ಮೌನಸಭೆಯನ್ನು ಎಲ್ಲ ಕ್ವೇಕರರ ಏಕೈಕ ಮಾದರಿಯೆಂದು ತಿಳಿಯಬಾರದು. ಪ್ರಸ್ತುತ ಚರ್ಚೆಯು ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕದ ಮೌನಾರಾಧನೆಯ ಪರಂಪರೆಗೆ ಸಂಬಂಧಿಸಿದೆ.

ಸೃಷ್ಟಿಯನ್ನು ಕುರಿತ ಆರಂಭಿಕ ನಿಲುವುಗಳು

ಫಾಕ್ಸ್‌ನ ದಿನಚರಿಯು 1648ರ ಸುಮಾರಿನ ಒಂದು ಅನುಭವವನ್ನು ದಾಖಲಿಸುತ್ತದೆ. ಅಂದು ಅವನಿಗೆ ಇಡೀ ಸೃಷ್ಟಿಯೇ ಹೊಸದಾಗಿ ಕಂಡಿತು. ಅದರ ಪರಿಮಳವೂ ಬೇರೆಯಾಗಿತ್ತು. ವಸ್ತುಗಳ ನಿಜಗುಣಗಳು ತೆರೆದುಕೊಂಡಂತಾಯಿತು. ತಾನು ವೈದ್ಯನಾಗಬೇಕೇ ಎಂಬ ಯೋಚನೆಯೂ ಅವನಿಗೆ ಆಗ ಬಂದಿತ್ತು. ಈ ಅನುಭವವನ್ನು ಪರಿಸರಪ್ರಜ್ಞೆಯೆಂದು ಕರೆಯುವುದು ಕಾಲವ್ಯತ್ಯಾಸದ ದೋಷವಾಗುತ್ತದೆ. ಆದರೆ ಅಂತರಂಗದ ಪರಿವರ್ತನೆಯಾದಾಗ ಹೊರಗಿನ ಸೃಷ್ಟಿಯೊಂದಿಗಿನ ಸಂಬಂಧವೂ ಬದಲಾಗುತ್ತದೆ ಎಂಬ ಭಾವನೆಗೆ ಇದು ಮೊದಲ ದಾಖಲೆಯಾಗಿ ಉಳಿದಿದೆ.

ವಿಲಿಯಂ ಪೆನ್ 1681ರಲ್ಲಿ ಪೆನ್ಸಿಲ್ವೇನಿಯಾ ವಸಾಹತಿನ ನೆಲಗಾರರಿಗೆ ವಿಧಿಸಿದ ಷರತ್ತುಗಳಲ್ಲಿ ಒಂದು ಗಮನಾರ್ಹವಾದುದು. ಕಾಡು ಕಡಿದು ಹೊಲ ಮಾಡುವವರು ಐದು ಎಕರೆ ತೆರವುಗೊಳಿಸಿದರೆ ಒಂದು ಎಕರೆಯಲ್ಲಿ ಮರಗಳನ್ನು ಉಳಿಸಬೇಕೆಂಬುದು ಅದರ ಸಾರ. ಓಕ್ ಮತ್ತು ಹಿಪ್ಪುನೇರಳೆ ಮರಗಳನ್ನು ವಿಶೇಷವಾಗಿ ಹೆಸರಿಸಿದ್ದಕ್ಕೆ ಹಡಗು ನಿರ್ಮಾಣ ಮತ್ತು ರೇಷ್ಮೆ ಉದ್ಯಮಗಳ ಅಗತ್ಯವೇ ಕಾರಣ. ಅಂದರೆ ಇದು ಭಕ್ತಿಯಷ್ಟೇ ಲೆಕ್ಕಾಚಾರವೂ ಹೌದು. ಫಿಲಡೆಲ್ಫಿಯಾ ಸಮೀಪ ಸಸ್ಯೋದ್ಯಾನವನ್ನು ಬೆಳೆಸಿದ ಜಾನ್ ಬಾರ್ಟ್ರಮ್ (1699-1777) ಹಾಗೂ ಅವನಿಂದ ಬೀಜಗಳನ್ನು ತರಿಸಿಕೊಳ್ಳುತ್ತಿದ್ದ ಲಂಡನ್ನಿನ ವ್ಯಾಪಾರಿ ಪೀಟರ್ ಕಾಲಿನ್ಸನ್ ಇಬ್ಬರೂ ಕ್ವೇಕರ್ ಹಿನ್ನೆಲೆಯವರು. ನಾಟಕ, ಸಂಗೀತ, ಜೂಜುಗಳನ್ನು ನಿಷೇಧಿಸಿಕೊಂಡ ಸಮುದಾಯಕ್ಕೆ ಸಸ್ಯಶಾಸ್ತ್ರವು ಒಪ್ಪಿತವಾದ ಆನಂದವಾಗಿತ್ತು. ಆದರೆ ಗಿಡಗಳ ಮೇಲಿನ ಪ್ರೀತಿಯೇ ನೆಲದ ಕಾಳಜಿಯಲ್ಲ. ಅದಕ್ಕೆ ಬೇಕಾದ ನೈತಿಕ ಆಯಾಮವನ್ನು ಒದಗಿಸಿದವನು ಜಾನ್ ವೂಲ್ಮನ್.

ಜಾನ್ ವೂಲ್ಮನ್: ವಸ್ತುವಿನ ಮೂಲವನ್ನು ಕೇಳಿದವನು

ವೂಲ್ಮನ್ 1720ರಲ್ಲಿ ನ್ಯೂಜೆರ್ಸಿಯ ಕೃಷಿಕ ಕುಟುಂಬದಲ್ಲಿ ಜನಿಸಿದನು. ಅವನ ದಿನಚರಿಯು 1774ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಅದರ ಮೊದಲ ಪುಟಗಳಲ್ಲೇ ಬರುವ ಬಾಲ್ಯದ ಪ್ರಸಂಗವೊಂದು ಕ್ವೇಕರ್ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಯಾಗಿ ಬಹುಕಾಲ ಉಳಿದುಬಂದಿದೆ. ಬಾಲಕ ವೂಲ್ಮನ್ ದಾರಿಯಲ್ಲಿ ಹೋಗುತ್ತಿದ್ದಾಗ ರಾಬಿನ್ ಹಕ್ಕಿಯೊಂದು ತನ್ನ ಮರಿಗಳಿಗಾಗಿ ಆತಂಕದಿಂದ ಹಾರಾಡುತ್ತಿತ್ತು. ಅವನು ಕಲ್ಲು ಬೀಸಿದ, ಹಕ್ಕಿ ಸತ್ತುಬಿತ್ತು. ಮೊದಲು ಗುರಿಯ ಹೆಮ್ಮೆ, ಮರುಕ್ಷಣವೇ ನಡುಕ. ತಾಯಿಯಿಲ್ಲದ ಮರಿಗಳು ಹಸಿವಿನಿಂದ ನರಳಿ ಸಾಯುತ್ತವೆಂದು ತಿಳಿದು ಮರ ಹತ್ತಿ ಅವುಗಳನ್ನೂ ತಾನೇ ಕೊಂದನು. ಕರುಣೆಯ ಹೆಸರಿನಲ್ಲೇ ಎರಡನೆಯ ಸಲ ಕ್ರೂರಿಯಾಗಬೇಕಾಗಿ ಬಂದ ಈ ಸಂಕಟ ಅವನನ್ನು ಬಹಳ ಹೊತ್ತು ಕಾಡಿತು. ಇದನ್ನು ಆಶಯದ ದೃಷ್ಟಿಯಿಂದ ನೋಡಿದರೆ, ಬೇಟೆಯ ಹಿಂಸೆಯಿಂದ ಪಶ್ಚಾತ್ತಾಪಕ್ಕೆ ತಿರುಗುವ ಲೋಕಪ್ರಸಿದ್ಧ ಕಥಾಗುಚ್ಛಕ್ಕೆ ಹತ್ತಿರವಾಗಿದೆ. ಆದರೆ ಇಲ್ಲಿ ಹಕ್ಕಿ ಮಾತನಾಡುವುದಿಲ್ಲ, ಶಪಿಸುವುದಿಲ್ಲ, ದೈವವೂ ಪ್ರತ್ಯಕ್ಷವಾಗುವುದಿಲ್ಲ. ಒಂದು ಕೃತ್ಯದ ಪರಿಣಾಮವು ಅದರ ಮುಂದಿನ ಕೃತ್ಯವನ್ನು ಎಳೆದು ತರುತ್ತದೆ ಎಂಬ ಅರಿವಷ್ಟೇ ಉಳಿಯುತ್ತದೆ. ವೂಲ್ಮನ್‌ನ ಮುಂದಿನ ಬದುಕೆಲ್ಲ ಈ ಅರಿವಿನ ವಿಸ್ತರಣೆಯಂತಿದೆ.

ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಗುಲಾಮಳಾಗಿದ್ದ ಕಪ್ಪು ಹೆಂಗಸೊಬ್ಬಳ ಮಾರಾಟಪತ್ರವನ್ನು ಬರೆಯುವಂತೆ ಯಜಮಾನನು ಅವನಿಗೆ ಹೇಳಿದನು. ಅವನು ಬರೆದುಕೊಟ್ಟನು, ಆದರೆ ಮನಸ್ಸು ಒಪ್ಪಲಿಲ್ಲ. ಮತ್ತೊಮ್ಮೆ ಅಂತಹ ಪತ್ರ ಬರೆಯಲು ಕೇಳಿದಾಗ ನಿರಾಕರಿಸಿದನು. ಮುಂದೆ ಸ್ವಂತ ಅಂಗಡಿ ಇಟ್ಟು, ವ್ಯಾಪಾರ ಬೆಳೆಯತೊಡಗಿದಾಗ ಅದು ತನ್ನ ಅಂತರಂಗದ ನೆಮ್ಮದಿಗೆ ಭಾರವಾಗುತ್ತಿದೆಯೆಂದು ಅದನ್ನೇ ಕೈಬಿಟ್ಟು, ದರ್ಜಿಯ ಕೆಲಸ ಮತ್ತು ಸೇಬಿನ ತೋಟದಲ್ಲಿ ತೃಪ್ತನಾದನು. ತಾನು ಹಿಂದೆ ಮಾರುತ್ತಿದ್ದ ಸಕ್ಕರೆ, ಕಾಕಂಬಿ ಮತ್ತು ರಮ್ ವೆಸ್ಟ್ ಇಂಡೀಸ್‌ನ ಗುಲಾಮರ ದುಡಿಮೆಯಿಂದ ಬಂದವು ಎಂಬ ಸಂಗತಿ ಅವನನ್ನು ಕೊನೆಯವರೆಗೂ ಬಾಧಿಸಿತು. ಬಟ್ಟೆಯ ಬಣ್ಣವನ್ನೂ ಅವನು ಪ್ರಶ್ನಿಸಿದನು. ಬಣ್ಣವು ಕೊಳೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ, ಬಟ್ಟೆಯ ಬಾಳಿಕೆಯನ್ನೂ ಕುಂದಿಸುತ್ತದೆ ಎಂದು ತೀರ್ಮಾನಿಸಿ ಬಣ್ಣ ಹಾಕದ ಉಡುಪನ್ನೂ ಸಹಜ ಬಣ್ಣದ ತುಪ್ಪಳದ ಟೋಪಿಯನ್ನೂ ಧರಿಸತೊಡಗಿದನು. ಆ ಕಾಲದಲ್ಲಿ ಕೆಲವು ಶೋಕಿಲಾಲರೂ ಬಿಳಿ ಟೋಪಿ ಧರಿಸುತ್ತಿದ್ದುದರಿಂದ ಸ್ವಂತ ಪಂಥದವರೇ ಅವನನ್ನು ಸಂಶಯದಿಂದ ನೋಡಿದರೆಂಬುದು ದಿನಚರಿಯಲ್ಲಿ ಬರುವ ಮಾರ್ಮಿಕ ವಿವರ.

1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಹಡಗಿನ ಮೇಲ್ದರ್ಜೆಯ ಕೋಣೆಯ ಅಲಂಕಾರ ಕೆತ್ತನೆಗಳು ಅನಗತ್ಯ ವೆಚ್ಚವೆನಿಸಿ ಅವನು ನಾವಿಕರೊಡನೆ ಕೆಳಗಿನ ತಳದಲ್ಲಿ ಪ್ರಯಾಣಿಸಿದನು. ಆಹಾರಕ್ಕಾಗಿ ಒಯ್ಯುತ್ತಿದ್ದ ಕೋಳಿಗಳು ಸಮುದ್ರದ ಮೇಲೆ ಮಂಕಾಗಿದ್ದುದನ್ನೂ ಅವನು ಗಮನಿಸಿ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಅಂಚೆಯ ಗಾಡಿಗಳ ವೇಗಕ್ಕಾಗಿ ಕುದುರೆಗಳು ಓಡಿ ಓಡಿ ಸಾಯುತ್ತವೆ, ಸವಾರಿ ಹುಡುಗರು ಚಳಿಗಾಲದ ರಾತ್ರಿಗಳಲ್ಲಿ ಮರಗಟ್ಟುತ್ತಾರೆ ಎಂದು ಕೇಳಿ, ಆ ಗಾಡಿಗಳನ್ನು ಹತ್ತದೆ ಕಾಲ್ನಡಿಗೆಯಲ್ಲೇ ಉತ್ತರಕ್ಕೆ ಸಾಗಿದನು. ತನಗೆ ಅಂಚೆಯಲ್ಲಿ ಪತ್ರ ಕಳುಹಿಸದಂತೆಯೂ ಕೋರಿದನು. ಅದೇ ವರ್ಷ ಅಕ್ಟೋಬರ್ 7ರಂದು ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡನು.

ಅವನ ಪ್ರಬಂಧಗಳಲ್ಲಿ ಈ ಬಿಡಿ ನಡೆಗಳ ಹಿಂದಿನ ತರ್ಕ ಸ್ಪಷ್ಟವಾಗುತ್ತದೆ. ಶ್ರೀಮಂತನ ಭೋಗಕ್ಕಾಗಿ ಗೇಣಿ ಏರುತ್ತದೆ. ಏರಿದ ಗೇಣಿಗಾಗಿ ಬಡವನು ಮಿತಿಮೀರಿ ದುಡಿಯಬೇಕಾಗುತ್ತದೆ. ಅವನೊಂದಿಗೆ ಎತ್ತು ಕುದುರೆಗಳೂ ಬಳಲುತ್ತವೆ. ಕೊನೆಗೆ ನೆಲವೂ ಸಾರ ಕಳೆದುಕೊಳ್ಳುತ್ತದೆ. ಹೊರಗಿನ ದೊಡ್ಡಸ್ತಿಕೆಗಾಗಿ ಮಣ್ಣನ್ನು ಬಡವಾಗಿಸುವುದು ಮುಂದೆ ಬರುವ ತಲೆಮಾರಿಗೆ ಮಾಡುವ ಅನ್ಯಾಯವೆಂಬ ಆಶಯವನ್ನು ಅವನು 18ನೆಯ ಶತಮಾನದಲ್ಲೇ ವ್ಯಕ್ತಪಡಿಸಿದ್ದಾನೆ. ಮನುಷ್ಯ, ಪ್ರಾಣಿ ಮತ್ತು ಮಣ್ಣು ಇವುಗಳ ಬಳಲಿಕೆಯನ್ನು ಒಂದೇ ಸರಪಳಿಯ ಕೊಂಡಿಗಳಾಗಿ ಕಂಡದ್ದು ವೂಲ್ಮನ್‌ನ ವಿಶಿಷ್ಟತೆ. ಅಷ್ಟೇ ಮುಖ್ಯವಾದುದು ಅವನ ವಿಧಾನ. ಗುಲಾಮರನ್ನು ಇಟ್ಟುಕೊಂಡಿದ್ದ ಕ್ವೇಕರರ ಮನೆಗಳಿಗೆ ಹೋಗಿ ಅವರೊಂದಿಗೆ ಮೃದುವಾಗಿ ಮಾತನಾಡುತ್ತಿದ್ದನು. ಗುಲಾಮರಿಂದ ಪಡೆದ ಸೇವೆಗೆ ಹಣ ಕೊಟ್ಟು ಬರುತ್ತಿದ್ದನು. ಫಿಲಡೆಲ್ಫಿಯಾದ ವಾರ್ಷಿಕ ಸಭೆಯು 1758ರಲ್ಲಿ ಗುಲಾಮರ ಕ್ರಯವಿಕ್ರಯದ ವಿರುದ್ಧ ನಿಲುವು ತಳೆದು, 1776ರಲ್ಲಿ ಗುಲಾಮರ ಒಡೆಯರನ್ನು ಸದಸ್ಯತ್ವದಿಂದ ಹೊರಗಿಡುವ ನಿರ್ಧಾರಕ್ಕೆ ಬಂದುದರ ಹಿಂದೆ ಇಂತಹ ದಶಕಗಳ ಸಹನೆಯ ದುಡಿಮೆಯಿತ್ತು.

ಕಲ್ಲಿದ್ದಲು ಮತ್ತು ಕಬ್ಬಿಣ: ಪರಂಪರೆಯ ಇನ್ನೊಂದು ಮುಖ

ವೂಲ್ಮನ್‌ನನ್ನು ಮಾತ್ರ ನೋಡಿದರೆ ಚಿತ್ರ ಏಕಮುಖವಾಗುತ್ತದೆ. ಇಂಗ್ಲೆಂಡಿನ ಕ್ವೇಕರರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು 19ನೆಯ ಶತಮಾನದವರೆಗೂ ಮುಚ್ಚಿತ್ತು. ಸರ್ಕಾರಿ ಹುದ್ದೆಗಳೂ ಎಟುಕುತ್ತಿರಲಿಲ್ಲ. ಪರಿಣಾಮವಾಗಿ ಅವರ ಪ್ರತಿಭೆಯು ವ್ಯಾಪಾರ ಮತ್ತು ಉದ್ಯಮಗಳತ್ತ ಹರಿಯಿತು. ಒಂದೇ ಬೆಲೆ, ಕೊಟ್ಟ ಮಾತು, ಮಿತವ್ಯಯ ಎಂಬ ಸಾಕ್ಷಿಗಳು ಅವರನ್ನು ನಂಬಿಕಸ್ತ ವ್ಯಾಪಾರಿಗಳನ್ನಾಗಿ ಮಾಡಿದವು. ಬಾರ್ಕ್ಲೇಸ್ ಮತ್ತು ಲಾಯ್ಡ್ಸ್ ಬ್ಯಾಂಕುಗಳು, ಕ್ಯಾಡ್ಬರಿ ಮತ್ತು ರೌನ್‌ಟ್ರೀ ಚಾಕೊಲೇಟ್ ಉದ್ಯಮಗಳು ಕ್ವೇಕರ್ ಕುಟುಂಬಗಳಲ್ಲಿ ಬೇರು ಬಿಟ್ಟವು. ಸರಳತೆಯೇ ಸಂಪತ್ತನ್ನು ತಂದ ವಿರೋಧಾಭಾಸವಿದು.

ಇದಕ್ಕಿಂತ ಗಂಭೀರವಾದ ಸಂಗತಿ ಶ್ರಾಪ್‌ಶೈರ್ ಪ್ರಾಂತದ ಕೋಲ್‌ಬ್ರುಕ್‌ಡೇಲ್‌ನಲ್ಲಿ ನಡೆಯಿತು. ಅಬ್ರಹಾಂ ಡಾರ್ಬಿ ಎಂಬ ಕ್ವೇಕರ್ ಉದ್ಯಮಿ 1709ರಲ್ಲಿ ಇದ್ದಿಲಿಗೆ ಬದಲಾಗಿ ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಸಿ ಕಬ್ಬಿಣ ಕರಗಿಸುವುದರಲ್ಲಿ ಯಶಸ್ವಿಯಾದನು. ಸಾಮಾನ್ಯರ ಮನೆಗೆ ಅಗ್ಗದ ಅಡುಗೆ ಪಾತ್ರೆಗಳನ್ನು ಒದಗಿಸುವುದು ಅವನ ಉದ್ಯಮವಾಗಿತ್ತು. ಕಬ್ಬಿಣದ ಕುಲುಮೆಗಳಿಗಾಗಿ ಕಾಡನ್ನು ಸುಟ್ಟು ಇದ್ದಿಲು ಮಾಡುವ ಅಗತ್ಯ ತಪ್ಪಿದ್ದರಿಂದ ಮರಗಳ ಮೇಲಿನ ಒತ್ತಡವನ್ನೂ ಈ ಶೋಧನೆ ಕಡಿಮೆ ಮಾಡಿತು. ಆದರೆ ಇದೇ ವಿಧಾನವು ಮುಂದೆ ಕಲ್ಲಿದ್ದಲಿನ ಯುಗಕ್ಕೆ ಹೆಬ್ಬಾಗಿಲಾಯಿತು. 1825ರಲ್ಲಿ ಕಲ್ಲಿದ್ದಲು ಸಾಗಣೆಗಾಗಿ ತೆರೆದ ಸ್ಟಾಕ್‌ಟನ್-ಡಾರ್ಲಿಂಗ್‌ಟನ್ ರೈಲುಮಾರ್ಗದ ಮುಖ್ಯ ಪ್ರವರ್ತಕ ಎಡ್ವರ್ಡ್ ಪೀಸ್ ಕೂಡ ಕ್ವೇಕರನೇ. ಜನರು ಅದನ್ನು ಕ್ವೇಕರರ ರೈಲು ಎಂದೇ ಕರೆದರು. ಅಡುಗೆ ಪಾತ್ರೆಯ ಒಳ್ಳೆಯ ಉದ್ದೇಶ ಮತ್ತು ಭೂಮಿಯ ವಾತಾವರಣಕ್ಕೆ ಮೂರು ಶತಮಾನಗಳ ಬಳಿಕ ಒದಗಿದ ಸಂಕಟ ಇವೆರಡರ ನಡುವಣ ದೂರವು ಇಂದಿನ ಕ್ವೇಕರರನ್ನು ಚಿಂತನೆಗೆ ಹಚ್ಚುವ ಸಂಗತಿಯಾಗಿದೆ. ಅವರ ಪಾಲಿಗೆ ಭೂಮಿಯ ಕಾಳಜಿಯು ಇತರರಿಗೆ ಮಾಡುವ ಉಪದೇಶವಾಗಿ ಉಳಿಯದೆ, ಸ್ವಂತ ಕುಲಚರಿತ್ರೆಯ ಪರಿಶೋಧನೆಯೂ ಆಗುವುದು ಈ ಕಾರಣದಿಂದ.

ಮಾಂಟೆವರ್ಡೆ: ನೀರಿನ ಮೂಲವನ್ನು ಉಳಿಸಿದ ವಲಸೆ

ಕ್ವೇಕರ್ ಆಚರಣೆಯು ನಿರ್ದಿಷ್ಟ ನೆಲವೊಂದರ ಮೇಲೆ ಹೇಗೆ ಮೂರ್ತಗೊಂಡಿತು ಎಂಬುದಕ್ಕೆ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮಾಂಟೆವರ್ಡೆ ಉತ್ತಮ ನಿದರ್ಶನ. ಇದರ ಆರಂಭ ಪರಿಸರದ ಪ್ರಶ್ನೆಯಿಂದಲ್ಲ, ಯುದ್ಧದ ಪ್ರಶ್ನೆಯಿಂದ ಆದುದು. ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಎಂಬಲ್ಲಿ ಒಂದು ಸಣ್ಣ ಕ್ವೇಕರ್ ಸಮುದಾಯವಿತ್ತು. 1948ರ ಕಡ್ಡಾಯ ಸೈನ್ಯಭರ್ತಿ ಕಾನೂನಿನಂತೆ ಹೆಸರು ನೋಂದಾಯಿಸಲು ನಿರಾಕರಿಸಿದ ಅಲ್ಲಿನ ನಾಲ್ವರು ಯುವಕರಿಗೆ 1949ರಲ್ಲಿ ಒಂದು ವರ್ಷ ಒಂದು ದಿನದ ಸೆರೆವಾಸ ವಿಧಿಸಲಾಯಿತು. ಕೆಲವು ತಿಂಗಳ ಬಳಿಕ ಅವರು ಬಿಡುಗಡೆಯಾದರು. ತಾವು ತೆರುವ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಆ ಸಮುದಾಯವನ್ನು ಬಾಧಿಸುತ್ತಿತ್ತು. 1948ರ ಡಿಸೆಂಬರಿನಲ್ಲಿ ತನ್ನ ಸೈನ್ಯವನ್ನೇ ರದ್ದುಗೊಳಿಸಿದ್ದ ಕೋಸ್ಟರಿಕಾ ಅವರನ್ನು ಆಕರ್ಷಿಸಿತು. 1950-51ರಲ್ಲಿ ಹನ್ನೊಂದು ಕುಟುಂಬಗಳ ಸುಮಾರು 44 ಮಂದಿ ಅಲ್ಲಿಗೆ ವಲಸೆ ಹೋದರು. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ಬೆಟ್ಟಸಾಲಿನಲ್ಲಿ ನೆಲ ಕೊಂಡು, ಸ್ಪ್ಯಾನಿಷ್ ಭಾಷೆಯಲ್ಲಿ 'ಹಸಿರು ಬೆಟ್ಟ' ಎಂಬರ್ಥದ ಮಾಂಟೆವರ್ಡೆ ಎಂಬ ಹೆಸರಿಟ್ಟರು. ಆ ಪ್ರದೇಶ ನಿರ್ಜನವೇನೂ ಆಗಿರಲಿಲ್ಲ. ಕೆಲವು ಕೋಸ್ಟರಿಕನ್ ರೈತ ಕುಟುಂಬಗಳು ಅಲ್ಲಿ ಮೊದಲೇ ನೆಲೆಸಿದ್ದವು.

ಬಂದವರು ಹೈನುಗಾರರು. ಹಸುಗಳಿಗೆ ಹುಲ್ಲುಗಾವಲು ಬೇಕು, ಹುಲ್ಲುಗಾವಲಿಗಾಗಿ ಕಾಡು ಕಡಿಯಬೇಕು. ಅವರು ಕಡಿದರು. ಸಾಗಣೆಯ ದಾರಿ ಕಷ್ಟವಾಗಿದ್ದುದರಿಂದ ಹಾಲಿಗಿಂತ ಹೆಚ್ಚು ದಿನ ಕೆಡದೆ ಉಳಿಯುವ ಚೀಸ್ ತಯಾರಿಕೆಯನ್ನು 1950ರ ದಶಕದಲ್ಲಿ ಆರಂಭಿಸಿದರು. ಆದರೆ ಆರಂಭದಲ್ಲೇ ಒಂದು ನಿರ್ಧಾರವನ್ನೂ ಕೈಗೊಂಡರು. ತಾವು ಕೊಂಡ ಸುಮಾರು 1,400 ಹೆಕ್ಟೇರ್ ನೆಲದಲ್ಲಿ ನದಿಯ ಉಗಮದ ಮೇಲ್ಭಾಗದ ಸುಮಾರು 550 ಹೆಕ್ಟೇರ್ ಕಾಡನ್ನು ಯಾರಿಗೂ ಹಂಚದೆ, ಕಡಿಯದೆ ಸಮುದಾಯದ ಸೊತ್ತಾಗಿ ಉಳಿಸುವುದು. ಕುಡಿಯುವ ನೀರು ಮತ್ತು ಸಣ್ಣ ಜಲವಿದ್ಯುತ್ತಿಗೆ ನೀರಿನ ಮೂಲ ಬತ್ತಬಾರದೆಂಬುದು ಇದರ ನೇರ ಕಾರಣ. ಆ ಕಾಡಿಗೆ ಅವರು ಯಾವ ದೈವವನ್ನೂ ಆರೋಪಿಸಲಿಲ್ಲ, ಯಾವ ವಿಧಿನಿಷೇಧದ ಕಥೆಯನ್ನೂ ಕಟ್ಟಲಿಲ್ಲ. ಮತದಾನವಿಲ್ಲದ ಸಭೆಯಲ್ಲಿ ಎಲ್ಲರೂ ಒಪ್ಪಿಕೊಂಡದ್ದೇ ಅದರ ಬೇಲಿ. ಕೊಡಗಿನ ದೇವರಕಾಡಿನಲ್ಲಿ ದೈವಭೀತಿಯಿಂದ ನಡೆಯುವ ಕೆಲಸ ಇಲ್ಲಿ ಸಾಮೂಹಿಕ ವಚನಬದ್ಧತೆಯಿಂದ ನಡೆದಿದೆ. ಫಲದಲ್ಲಿ ಸಾಮ್ಯವಿದ್ದರೂ ಬುಡದಲ್ಲಿ ಎರಡೂ ಬೇರೆ ಎಂಬುದನ್ನು ತೌಲನಿಕ ಅಧ್ಯಯನಕಾರರು ಮರೆಯಬಾರದು.

ಮೋಡಗಳೇ ಹಾದುಹೋಗುವ ಆ ಕಾಡಿನ ಜೀವವೈವಿಧ್ಯವು ವಿಜ್ಞಾನಿಗಳನ್ನು ಸೆಳೆಯಿತು. 1972ರಲ್ಲಿ ಜೀವವಿಜ್ಞಾನಿ ಜಾರ್ಜ್ ಪೊವೆಲ್ ಮತ್ತು ಸ್ಥಳೀಯ ಕ್ವೇಕರರ ಪ್ರಯತ್ನದಿಂದ ಮಾಂಟೆವರ್ಡೆ ಮೋಡಗಾಡು ಸಂರಕ್ಷಿತ ಪ್ರದೇಶ ಸ್ಥಾಪಿತವಾಯಿತು. ಸಮುದಾಯವು ಉಳಿಸಿಕೊಂಡಿದ್ದ ಜಲಾನಯನ ಕಾಡೂ ಮುಂದೆ ಅದರ ನಿರ್ವಹಣೆಗೆ ಸೇರಿತು. ಈ ಕಾರ್ಯದಲ್ಲಿ ವಿಲ್ಫರ್ಡ್ ಗಿಂಡನ್ ಅವರ ಹೆಸರು ಉಲ್ಲೇಖನೀಯ. 1949ರಲ್ಲಿ ಸೆರೆಗೆ ಹೋದ ನಾಲ್ವರಲ್ಲಿ ಅವರೂ ಒಬ್ಬರು. ಕಾಡು ಕಡಿದು ಹುಲ್ಲುಗಾವಲು ಮಾಡಿದ, ಯಂತ್ರಗರಗಸಗಳನ್ನು ಮಾರಿದ ಅದೇ ವ್ಯಕ್ತಿ ಮುಂದೆ ದಶಕಗಳ ಕಾಲ ಆ ಕಾಡಿನ ಕಾವಲುಗಾರರಾಗಿ ದಾರಿಗಳನ್ನು ಸವೆಸಿದರು. 1987ರಲ್ಲಿ ಸ್ವೀಡನ್ನಿನ ಶಾಲಾಮಕ್ಕಳ ನಿಧಿಸಂಗ್ರಹದಿಂದ ಆರಂಭವಾದ 'ಮಕ್ಕಳ ಶಾಶ್ವತ ಮಳೆಕಾಡು' ಇದೇ ಪ್ರದೇಶದಲ್ಲಿ ಬೆಳೆದು 22,000 ಹೆಕ್ಟೇರಿಗೂ ಮಿಗಿಲಾಗಿದೆ.

ಆದರೆ ಮಾಂಟೆವರ್ಡೆಯ ಕಥೆ ಬರಿಯ ಯಶಸ್ಸಿನದಲ್ಲ. ಅಲ್ಲಿನ ಬೆಟ್ಟದ ತುದಿಯಲ್ಲಷ್ಟೇ ವಾಸಿಸುತ್ತಿದ್ದ ಚಿನ್ನದ ಬಣ್ಣದ ನೆಲಗಪ್ಪೆಯು 1966ರಲ್ಲಿ ವಿಜ್ಞಾನಲೋಕಕ್ಕೆ ಹೊಸ ಪ್ರಭೇದವಾಗಿ ಪರಿಚಯವಾಯಿತು. 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡಿದ್ದ ಅದು 1989ರಲ್ಲಿ ಕೊನೆಯ ಬಾರಿ, ಒಂದೇ ಒಂದು, ಕಾಣಿಸಿಕೊಂಡಿತು. 2004ರಲ್ಲಿ ಅದನ್ನು ನಿರ್ವಂಶವೆಂದು ಘೋಷಿಸಲಾಯಿತು. ಶಿಲೀಂಧ್ರ ರೋಗ ಹಾಗೂ ಹವಾಮಾನದ ಏರುಪೇರುಗಳನ್ನು ವಿಜ್ಞಾನಿಗಳು ಕಾರಣವಾಗಿ ಚರ್ಚಿಸುತ್ತಾರೆ. ಒಂದು ಮರವನ್ನೂ ಕಡಿಯದೆ ಕಾಯ್ದ ಕಾಡಿನೊಳಗೇ ಒಂದು ಜೀವಿ ಇಲ್ಲವಾಯಿತು. ಬೇಲಿ ಹಾಕಿ ಉಳಿಸುವ ಕ್ರಮದ ಮಿತಿಯನ್ನು ಇದು ತೋರಿಸಿಕೊಟ್ಟಿತು. ಮೋಡವು ಯಾವ ಸಮುದಾಯದ ನಿರ್ಣಯಕ್ಕೂ ಒಳಪಡುವುದಿಲ್ಲ.

ಪ್ರಶ್ನೆಯಿಂದ ನಿರ್ಣಯಕ್ಕೆ

20ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಬಿಡಿ ಎಳೆಗಳು ಸಂಘಟಿತ ರೂಪವನ್ನು ಪಡೆದವು. ಉತ್ತರ ಅಮೆರಿಕದಲ್ಲಿ 1987ರಲ್ಲಿ 'ನಿಸರ್ಗದೊಂದಿಗಿನ ಏಕತೆಯ ಮಿತ್ರರ ಸಮಿತಿ' ಹುಟ್ಟಿತು. ಮುಂದೆ ಅದು 'ಕ್ವೇಕರ್ ಅರ್ತ್‌ಕೇರ್ ವಿಟ್‌ನೆಸ್' ಎಂಬ ಹೆಸರು ಪಡೆಯಿತು. ಈ ಹಂತದಲ್ಲಿ ನಡೆದ ಪದಗಳ ಚರ್ಚೆ ಮಹತ್ವದ್ದು. ಭೂಮಿಯನ್ನು ನೋಡಿಕೊಳ್ಳುವ 'ಪಾರುಪತ್ಯ'ದ ಕಲ್ಪನೆಯಲ್ಲಿ ಮನುಷ್ಯನು ಮೇಲೆ ನಿಂತು ಆಳುವ ಭಾವವಿದೆ. 'ಏಕತೆ' ಎಂಬಲ್ಲಿ ಅವನು ಸೃಷ್ಟಿಯ ಸದಸ್ಯರಲ್ಲಿ ಒಬ್ಬ. ಸರಳತೆ, ಶಾಂತಿ, ಸತ್ಯನಿಷ್ಠೆ, ಸಮುದಾಯ, ಸಮಾನತೆ ಎಂಬ ಸಾಕ್ಷಿಗಳ ಪಟ್ಟಿಗೆ ಭೂಮಿಯ ಕಾಳಜಿಯನ್ನು ಹೊಸದಾಗಿ ಸೇರಿಸಬೇಕೇ ಅಥವಾ ಅದು ಸರಳತೆಯಲ್ಲಿಯೇ ಅಡಗಿದೆಯೇ ಎಂಬ ಜಿಜ್ಞಾಸೆಯೂ ನಡೆಯಿತು. ವೂಲ್ಮನ್‌ನ ಟೋಪಿಯನ್ನು ನೆನೆದರೆ ಎರಡನೆಯ ವಾದಕ್ಕೆ ಸಾಕಷ್ಟು ಆಧಾರ ಸಿಗುತ್ತದೆ. ಬ್ರಿಟನ್ನಿನ ವಾರ್ಷಿಕ ಸಭೆ 1994ರಲ್ಲಿ ಅಂಗೀಕರಿಸಿದ ಸಲಹೆ ಮತ್ತು ಪ್ರಶ್ನೆಗಳ ಸಂಕಲನದಲ್ಲಿ ಕೊನೆಯದಾದ 42ನೆಯದು ಭೂಮಿಗೇ ಮೀಸಲಾಗಿದೆ.

ಅದೇ ವಾರ್ಷಿಕ ಸಭೆಯು 2011ರಲ್ಲಿ ಕ್ಯಾಂಟರ್‌ಬರಿಯಲ್ಲಿ ಸೇರಿದಾಗ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸಿದ ಸುಸ್ಥಿರ ಸಮುದಾಯವಾಗುವ ಸಂಕಲ್ಪವನ್ನು ಕೈಗೊಂಡಿತು. 2013ರಲ್ಲಿ ಪಳೆಯುಳಿಕೆ ಇಂಧನಗಳ ಕಂಪನಿಗಳಿಂದ ತನ್ನ ಹೂಡಿಕೆಯನ್ನು ಹಿಂತೆಗೆಯಲು ನಿರ್ಧರಿಸಿತು. ಬ್ರಿಟನ್ನಿನ ಧಾರ್ಮಿಕ ಪಂಥಗಳಲ್ಲಿ ಇಂತಹ ನಿರ್ಧಾರ ಕೈಗೊಂಡವರಲ್ಲಿ ಅವರೇ ಮೊದಲಿಗರು. ಕೋಲ್‌ಬ್ರುಕ್‌ಡೇಲ್‌ನ ಕುಲುಮೆ ಹೊತ್ತಿದ 304 ವರ್ಷಗಳ ಬಳಿಕ ಬಂದ ಈ ನಿರ್ಣಯವನ್ನು ಸಮುದಾಯದ ದೀರ್ಘ ಆತ್ಮಪರಿಶೋಧನೆಯ ಫಲವೆಂದು ಓದಬಹುದು. 2012ರಲ್ಲಿ ಕೀನ್ಯಾದ ನಕುರು ಸಮೀಪದ ಕಬರಾಕ್ ವಿಶ್ವವಿದ್ಯಾಲಯದಲ್ಲಿ ಸೇರಿದ ವಿಶ್ವ ಸಮ್ಮೇಳನವು ಶಾಂತಿ ಮತ್ತು ಪರಿಸರ ನ್ಯಾಯ ಎರಡನ್ನೂ ಜೋಡಿಸಿ ಕರೆ ನೀಡಿತು. ಮೌನಾರಾಧನೆಯವರೂ ಹಾಡಿನ ಆರಾಧನೆಯವರೂ ಒಂದಾಗಿ ಒಪ್ಪಿದ ದಾಖಲೆ ಎಂಬುದರಿಂದ ಅದಕ್ಕೆ ವಿಶೇಷ ಮಹತ್ವವಿದೆ.

ಫಿಲಡೆಲ್ಫಿಯಾದ 'ಅರ್ತ್ ಕ್ವೇಕರ್ ಆ್ಯಕ್ಷನ್ ಟೀಮ್' ಎಂಬ ಗುಂಪು 2010ರಿಂದ ಮತ್ತೊಂದು ಮಾರ್ಗ ಹಿಡಿಯಿತು. ಅಪಲೇಚಿಯನ್ ಬೆಟ್ಟಗಳ ತುದಿಯನ್ನೇ ಸ್ಫೋಟಿಸಿ ಕಲ್ಲಿದ್ದಲು ತೆಗೆಯುವ ಗಣಿಗಾರಿಕೆಗೆ ಸಾಲ ನೀಡುತ್ತಿದ್ದ ಪಿ.ಎನ್.ಸಿ. ಬ್ಯಾಂಕಿನ ಶಾಖೆಗಳೊಳಗೆ ಅವರು ಮೌನಸಭೆ ನಡೆಸಿದರು. 2015ರಲ್ಲಿ ಬ್ಯಾಂಕು ತನ್ನ ಸಾಲನೀತಿಯನ್ನು ಬದಲಿಸಿತು. ಆರಾಧನೆಯ ರೂಪವನ್ನು ಅದರ ಕೋಣೆಯಿಂದ ಎತ್ತಿ ಹಣದ ಮನೆಯಲ್ಲಿಟ್ಟಾಗ ಅದು ಪ್ರತಿಭಟನೆಯಾಗಿಯೂ ಆರಾಧನೆಯಾಗಿಯೂ ಏಕಕಾಲದಲ್ಲಿ ಕೆಲಸ ಮಾಡಿತು. ಆಚರಣೆಯ ಸಂದರ್ಭ ಬದಲಾದಾಗ ಅರ್ಥ ಬದಲಾಗುವ ಬಗೆಗೆ ಇದೊಂದು ಸ್ಪಷ್ಟ ಉದಾಹರಣೆ.

ಭಾರತದ ನಂಟು

ಭಾರತದಲ್ಲಿ ಕ್ವೇಕರರ ಸಂಖ್ಯೆ ಅತ್ಯಲ್ಪ. ಆದರೂ ಗಾಂಧಿ ವಿಚಾರಧಾರೆಯೊಂದಿಗೆ ಅವರಿಗಿದ್ದ ಸಖ್ಯದಿಂದ ಕೆಲವು ಗಟ್ಟಿ ಪ್ರಯೋಗಗಳು ನಡೆದವು. 1928ರಲ್ಲಿ ಮದರಾಸಿಗೆ ಶಿಕ್ಷಕಿಯಾಗಿ ಬಂದ ಮಾರ್ಜರಿ ಸೈಕ್ಸ್ (1905-1995) ಶಾಂತಿನಿಕೇತನ ಮತ್ತು ಸೇವಾಗ್ರಾಮಗಳಲ್ಲಿ ದುಡಿದು, ನೀಲಗಿರಿಯ ಕೋಟಗಿರಿಯಲ್ಲಿಯೂ ನೆಲೆಸಿದ್ದರು. ಮಧ್ಯಪ್ರದೇಶದ ಹೋಶಂಗಾಬಾದ್, ಅಂದರೆ ಇಂದಿನ ನರ್ಮದಾಪುರಂ, ಬಳಿಯ ರಸೂಲಿಯಾದಲ್ಲಿರುವ ಕ್ವೇಕರರ ಗ್ರಾಮೀಣ ಕೇಂದ್ರವು 1970ರ ದಶಕದ ಕೊನೆಯಿಂದ ರಾಸಾಯನಿಕಗಳನ್ನು ಬಿಟ್ಟು 'ಋಷಿ ಖೇತಿ' ಎಂಬ ಸಹಜ ಕೃಷಿಯನ್ನು ನಡೆಸಿತು. ಜಪಾನಿನ ಮಸನೊಬು ಫುಕುವೊಕಾ ಅವರ ವಿಚಾರಗಳು ಭಾರತದ ರೈತರಿಗೆ ತಲುಪುವಲ್ಲಿ ಆ ಕೇಂದ್ರದ ಪಾತ್ರವಿದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಜನಿಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಪರಂಪರೆಯ ಅತ್ಯಂತ ಪರಿಚಿತ ಪ್ರತಿನಿಧಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ಕ್ವೇಕರರ ಆಂಬುಲೆನ್ಸ್ ದಳದೊಂದಿಗೆ ದುಡಿದು ಮರಳುವಾಗ ಮುಂಬಯಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದರು. ಬೇಕರ್ ತೊಟ್ಟಿದ್ದ, ಚಿಂದಿಬಟ್ಟೆಯಿಂದ ಮಾಡಿದ ಪಾದರಕ್ಷೆಗಳು ಗಾಂಧೀಜಿಯವರ ಗಮನ ಸೆಳೆದವಂತೆ. ಮನೆಗೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿ ಸುತ್ತಳತೆಯಲ್ಲಿ ದೊರೆಯುವಂತಿರಬೇಕು ಎಂಬ ಗಾಂಧಿ ವಿಚಾರವನ್ನು ಬೇಕರ್ ಜೀವನದುದ್ದಕ್ಕೂ ನೆನೆಯುತ್ತಿದ್ದರು. ಪಿತೋರಗಢದಲ್ಲಿ, ಅನಂತರ ಕೇರಳದಲ್ಲಿ ಸ್ಥಳೀಯ ಇಟ್ಟಿಗೆ, ಸುಣ್ಣ, ಹಳೆಯ ಹೆಂಚುಗಳಿಂದ ಅವರು ಕಟ್ಟಡಗಳನ್ನು ನಿರ್ಮಿಸಿದರು. ಇಟ್ಟಿಗೆಗಳನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಅವರ ಗೋಡೆಯಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಸಿಮೆಂಟ್ ಮತ್ತು ಉಕ್ಕಿನ ಹಿಂದೆ ಸುಡುವ ಇಂಧನವನ್ನು ಅವರು ಲೆಕ್ಕ ಹಾಕುತ್ತಿದ್ದರು. ಗೋಡೆಗೆ ಗಾರೆ ಬಳಿಯದೆ ಇಟ್ಟಿಗೆಯನ್ನು ಇದ್ದಂತೆಯೇ ಬಿಡುವುದು ಸತ್ಯನಿಷ್ಠೆಯೂ ಹೌದು, ಮಿತವ್ಯಯವೂ ಹೌದು ಎಂಬ ಅವರ ನಿಲುವಿನಲ್ಲಿ ಬಣ್ಣವಿಲ್ಲದ ಬಟ್ಟೆ ತೊಟ್ಟ ವೂಲ್ಮನ್‌ನ ಧ್ವನಿ ಕೇಳಿಬರುತ್ತದೆ. 1990ರಲ್ಲಿ ಪದ್ಮಶ್ರೀ ಗೌರವ ಪಡೆದ ಬೇಕರ್ 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ನಿಧನರಾದರು.

ಉಪಸಂಹಾರ

ಒಟ್ಟಾರೆಯಾಗಿ ಕ್ವೇಕರ್ ಸಮುದಾಯದ ಭೂಮಿಯ ಕಾಳಜಿಯು ನಿಸರ್ಗಾರಾಧನೆಯಿಂದ ಹುಟ್ಟಿದುದಲ್ಲ. ಆರಾಧನೆಯ ಮೌನವು ಕಲಿಸಿದ ಆತ್ಮಪರಿಶೋಧನೆಯು ದಿನಬಳಕೆಯ ವಸ್ತುಗಳ ಮೇಲೆ ಹರಿದಾಗ ಅದು ಹುಟ್ಟಿತು. ಸಕ್ಕರೆ, ಟೋಪಿಯ ಬಣ್ಣ, ತೆರಿಗೆ, ಕುಡಿಯುವ ನೀರು, ಇಟ್ಟಿಗೆ, ನಿವೃತ್ತಿ ನಿಧಿಯ ಹೂಡಿಕೆ ಇವೆಲ್ಲವೂ ಒಂದೇ ಪ್ರಶ್ನೆಗೆ ಒಳಗಾದವು. ಈ ಪ್ರಶ್ನೆ ಯಾವಾಗಲೂ ಸಕಾಲದಲ್ಲಿ ಬರಲಿಲ್ಲ ಎಂಬುದನ್ನೂ ಒಪ್ಪಬೇಕು. ಗುಲಾಮಗಿರಿಯ ವಿಷಯದಲ್ಲಿ ಅದು ಒಂದು ಶತಮಾನ ತಡವಾಯಿತು, ಕಲ್ಲಿದ್ದಲಿನ ವಿಷಯದಲ್ಲಿ ಮೂರು. ಮಾಂಟೆವರ್ಡೆಯ ನೆಲಗಪ್ಪೆಗೆ ಅದು ನೆರವಾಗಲೇ ಇಲ್ಲ.

ಜಾನಪದ ಅಧ್ಯಯನಕ್ಕೆ ಈ ನಿದರ್ಶನದಿಂದ ದೊರೆಯುವ ಸೂಚನೆಯೂ ಇದರಲ್ಲಿಯೇ ಇದೆ. ನೆಲವನ್ನು ಕಾಯುವ ಸಂಪ್ರದಾಯಗಳನ್ನು ಹುಡುಕುವಾಗ ಬನ, ಕಟ್ಟೆ, ಕಲ್ಲುಗಳ ಬಳಿಗೆ ಹೋಗುವಂತೆಯೇ ಜನರ ಪೆಟ್ಟಿಗೆ, ಕಣಜ, ಲೆಕ್ಕಪುಸ್ತಕಗಳ ಬಳಿಗೂ ಹೋಗಬೇಕಾಗುತ್ತದೆ. ಯಾವುದನ್ನು ಕೊಳ್ಳಬಾರದು, ಯಾವುದನ್ನು ತೊಡಬಾರದು, ಯಾವುದನ್ನು ಹಂಚಿಕೊಳ್ಳದೆ ಎಲ್ಲರಿಗಾಗಿ ಬಿಡಬೇಕು ಎಂಬ ಸಣ್ಣ ನಿರಾಕರಣೆಗಳೂ ಸಂಪ್ರದಾಯಗಳೇ ಆಗಿವೆ. ಅವುಗಳನ್ನು ದಾಖಲಿಸುವ ಕೆಲಸ ಇನ್ನೂ ಬಹಳಷ್ಟು ಬಾಕಿ ಇದೆ.